ಉತ್ತರದ ಜೊತೆ ಹಂತಗಳೂ ಬೇಕು

ದೇಶವೊಂದರ ಸಾರ್ವಜನಿಕ ಸಾಲ ಜಿಡಿಪಿಯ ಶೇ 90ನ್ನು ದಾಟಿದರೆ ಆರ್ಥಿಕ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದರು. ಅಂಥ ದೇಶಗಳ ಸರಾಸರಿ ಬೆಳವಣಿಗೆ ಅವರ ಲೆಕ್ಕದಲ್ಲಿ ಮೈನಸ್ ಶೇ 0.1. ಸರ್ಕಾರಿ ವೆಚ್ಚಕ್ಕೆ ಕತ್ತರಿ ಹಾಕಬೇಕೆಂದು ವಾದಿಸುತ್ತಿದ್ದವರಿಗೆ ಈ ಅಂಕಿ ದೊಡ್ಡ ಆಧಾರವಾಯಿತು.

2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ಆ ಲೇಖಕರಿಂದಲೇ ಎಕ್ಸೆಲ್ ಕಡತ ಪಡೆದು ಪರಿಶೀಲಿಸಿದರು. 49ನೇ ಸಾಲಿನವರೆಗೆ ಹೋಗಬೇಕಿದ್ದ ಸರಾಸರಿಯ ಸೂತ್ರ 44ರಲ್ಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗುಳಿದಿದ್ದವು. ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಕೆಲವು ವರ್ಷಗಳ ಅಂಕಿಅಂಶ ಕೈಬಿಟ್ಟದ್ದು ಮತ್ತು ಸರಾಸರಿ ತೆಗೆದ ವಿಧಾನ. ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರು ಎಲ್ಲವನ್ನೂ ಸರಿಪಡಿಸಿದಾಗ ಬಂದದ್ದು ಶೇ 2.2. ಎಕ್ಸೆಲ್ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು. ಉಳಿದ ಟೀಕೆಗಳನ್ನು ಒಪ್ಪಲಿಲ್ಲ.

ಇಂಥ ತಪ್ಪು ಸುಲಭವಾಗಿ ಹೊರಬೀಳದಿರಲು ಕಾರಣವಿದೆ. ಎಕ್ಸೆಲ್ ಹಾಳೆಯಲ್ಲಿ ಕಾಣುವುದು ಅಂಕಿ. ಅದರ ಸೂತ್ರ ಆ ಚೌಕದೊಳಗೆ ಅಡಗಿರುತ್ತದೆ. ಹಂತಗಳನ್ನು ಬರೆಯದ ಉತ್ತರಕ್ಕೆ ಗಣಿತದ ಮೇಷ್ಟ್ರು ಪೂರ್ತಿ ಅಂಕ ಕೊಡುವುದಿಲ್ಲ. ಸಂಶೋಧನೆಗೂ ಅದೇ ನಿಯಮ ಬೇಕು.

ಆ ಹಂತಗಳನ್ನು ಬರೆದಿಡುವ ಸಾಧನವೇ ಕಂಪ್ಯೂಟರ್ ನೋಟ್‌ಬುಕ್ ಎಂಬ ತಂತ್ರಾಂಶ. ಫರ್ನಾಂಡೊ ಪೆರೆಜ್ 2001ರಲ್ಲಿ ಆರಂಭಿಸಿದ ಐಪೈಥಾನ್ ಎಂಬ ತಂತ್ರಾಂಶದಿಂದ ಬೆಳೆದು, 2014ರಲ್ಲಿ ಹೊಸ ಹೆಸರು ಪಡೆದ ಜುಪಿಟರ್ ಇಂಥ ನೋಟ್‌ಬುಕ್‌ಗಳಲ್ಲಿ ಹೆಸರಾದದ್ದು. ಇದರಲ್ಲಿ ವಿವರಣೆ, ಕೋಡ್, ಕೋಷ್ಟಕ, ನಕ್ಷೆ ಎಲ್ಲವೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರುತ್ತವೆ. ಯಾವ ದೇಶವನ್ನು, ಯಾವ ವರ್ಷವನ್ನು ಏಕೆ ಬಿಟ್ಟೆವು ಎಂಬುದನ್ನು ಆ ಕೋಡಿನ ಪಕ್ಕದಲ್ಲೇ ಬರೆಯಬಹುದು. ತಪ್ಪು ಆಗಲೂ ನುಸುಳಬಹುದು, ಆದರೆ ಓದುವವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಆದರೆ ನೋಟ್‌ಬುಕ್ಕಿನಲ್ಲೂ ಒಂದು ಅಪಾಯವಿದೆ. ಅದರ ಸೆಲ್‌ಗಳನ್ನು, ಅಂದರೆ ಕೋಡಿನ ತುಣುಕುಗಳನ್ನು, ಯಾವ ಕ್ರಮದಲ್ಲಿ ಬೇಕಾದರೂ ಓಡಿಸಬಹುದು. ರೂಪಾಯಿ ಮೊತ್ತವನ್ನು ಸಾವಿರದಿಂದ ಭಾಗಿಸುವ ಸೆಲ್ಲನ್ನು ಅಪ್ಪಿತಪ್ಪಿ ಎರಡು ಸಲ ಒತ್ತಿದರೆ ಮೊತ್ತ ಎರಡು ಸಲ ಭಾಗವಾಗುತ್ತದೆ. ಪುಟದಲ್ಲಿ ಮಾತ್ರ ಒಂದೇ ಸಾಲಿನ ಕೋಡ್ ಕಾಣುತ್ತದೆ. ಸೆಲ್ಲಿನ ಎಡಕ್ಕಿರುವ, ಓಡಿಸಿದ ಕ್ರಮವನ್ನು ತೋರಿಸುವ ಅಂಕೆಗಳು 1, 2, 3 ಎಂದಿರದೆ 7, 12, 5 ಎಂದಿದ್ದರೆ ಅನುಮಾನ ಪಡಬೇಕು. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಸುಮಾರು 14 ಲಕ್ಷ ನೋಟ್‌ಬುಕ್‌ಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಓಡಿಸಿ ನೋಡಿದವುಗಳಲ್ಲಿ ದೋಷವಿಲ್ಲದೆ ಮುಗಿದವು ಸುಮಾರು ಶೇ 24. ಹಿಂದಿನ ಫಲಿತಾಂಶವನ್ನೇ ಕೊಟ್ಟವು ಶೇ 4 ಮಾತ್ರ.

ಪರಿಹಾರ ಕಷ್ಟದ್ದಲ್ಲ. ಮೂಲ ದತ್ತಾಂಶವನ್ನು ತಿದ್ದದೆ ಇಡಬೇಕು. ಬಳಸಿದ ತಂತ್ರಾಂಶಗಳ ಆವೃತ್ತಿಯನ್ನು ನಮೂದಿಸಬೇಕು. ಪ್ರಕಟಿಸುವ ಮುನ್ನ ನೋಟ್‌ಬುಕ್ಕನ್ನು ಹೊಸದಾಗಿ ಆರಂಭಿಸಿ, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓಡಿಸಬೇಕು. ಜನರ ಬದುಕನ್ನು ಮುಟ್ಟುವ ನೀತಿಗೆ ಆಧಾರವಾಗುವ ಯಾವ ಅಂಕಿಯನ್ನೂ ಈ ಪರೀಕ್ಷೆ ಮುಗಿಯುವವರೆಗೆ ನಮ್ಮ ವಿಶ್ವವಿದ್ಯಾಲಯಗಳಾಗಲಿ, ಸರ್ಕಾರಿ ಇಲಾಖೆಗಳಾಗಲಿ ಒಪ್ಪಬಾರದು.