ದೋಷ ಮರದ್ದೋ, ಉಳಿಯದೋ?

ಕಡೆದ ಮರದ ಮೈ ಒರಟಾಗಿ ಬಂದರೆ ‘ಮರ ಸರಿಯಿಲ್ಲ’ ಎಂದು ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳುವುದು ವಾಡಿಕೆ. ಈ ವಾಡಿಕೆ ಸರಿಯಲ್ಲವೆಂದೂ, ಅದನ್ನು ತಿದ್ದುವುದರಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮ್ಮಂಥವರ ಹೊಣೆಯೂ ಉಂಟೆಂದೂ ನಮ್ಮ ಅಭಿಪ್ರಾಯ.

ಮರವೆಂಬುದು ನಾರುಗಳ ಕಟ್ಟು. ನಾರಿನ ಹಿಂದೆ ಮತ್ತೊಂದು ನಾರಿನ ಆಸರೆಯಿದ್ದರೆ ಉಳಿಯು ಅದನ್ನು ಕತ್ತರಿಸುತ್ತದೆ. ಇಲ್ಲದಿದ್ದರೆ ನಾರು ಬಾಗಿ ಕಿತ್ತುಬರುತ್ತದೆ. ಚನ್ನಪಟ್ಟಣದ ಕುಶಲಿಗಳು ಬೊಂಬೆಗಳಿಗೆ ಹಾಲೆಮರವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ; ಅದರ ನಾರು ನಯವಾದದ್ದು, ಸಮನಾದದ್ದು. ಬೀಟೆ, ಹೊನ್ನೆಗಳಲ್ಲಾದರೋ ಒಂದು ಪದರದ ನಾರು ಬಲಕ್ಕೆ ವಾಲಿದರೆ ಇನ್ನೊಂದರದು ಎಡಕ್ಕೆ ವಾಲಿರುವುದುಂಟು. ಉಳಿಯನ್ನು ಯಾವ ಕಡೆಗೆ ನಡೆಸಿದರೂ ಒಂದಲ್ಲ ಒಂದು ಪದರ ಎದುರುಬೀಳುತ್ತದೆ.

ನಾರು ಅಡ್ಡಲಾಗಿರುವಂತೆ ಹಲಗೆಯನ್ನು ಲೇತಿಗೆ ಕಟ್ಟಿ ಬಟ್ಟಲನ್ನು ಕಡೆಯುವಾಗ ಯಾವ ಮರದಲ್ಲಿಯೂ ಈ ತೊಡಕು ತಪ್ಪಿದ್ದಲ್ಲ. ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ನಾರಿನ ತುದಿಗಳು ಉಳಿಗೆ ಎದುರಾಗುತ್ತವೆ. ನಿಮಿಷಕ್ಕೆ ೧೦೦೦ ಸುತ್ತುಗಳಾದರೆ ಇದು ಸೆಕೆಂಡಿಗೆ ಸುಮಾರು ೩೩ ಬಾರಿ! ಅಷ್ಟು ಬೇಗ ಕೈಯನ್ನು ತಿದ್ದಿಕೊಳ್ಳುವುದು ಯಾರಿಂದಲೂ ಆಗದು. ಆದುದರಿಂದ ಉಪಾಯವು ಮೊದಲೇ ಸಿದ್ಧವಾಗಿರಬೇಕು.

ಮೊದಲನೆಯದು ದಿಕ್ಕು. ನಾರು ಉದ್ದಕ್ಕಿರುವ ಮಂಚದ ಕಾಲಿನಂಥ ವಸ್ತುವಿನಲ್ಲಿ ದಪ್ಪದಿಂದ ಸಣ್ಣದರ ಕಡೆಗೆ ಕಡೆಯಬೇಕು. ಬಟ್ಟಲಿನ ಹೊರಮೈಯಲ್ಲಿ ಇದಕ್ಕೆ ವಿರುದ್ಧವಾಗಿ ತಳದಿಂದ ಅಂಚಿಗೆ, ಒಳಮೈಯಲ್ಲಿ ಅಂಚಿನಿಂದ ತಳಕ್ಕೆ ಸಾಗಬೇಕು. ಎರಡನೆಯದು ಹೊಸದಾಗಿ ಸಾಣೆ ಹಿಡಿದ ಅಲಗು ಮತ್ತು ತೆಳುವಾದ ಕಡಿತ. ಮೂರನೆಯದು ಅಲಗಿನ ಓರೆ. ಘಟ್ಟವನ್ನು ನೇರವಾಗಿ ಹತ್ತದೆ ಓರೆಯ ದಾರಿಯಲ್ಲಿ ಹತ್ತಿದರೆ ಏರು ಕಡಮೆಯಾಗುವುದಲ್ಲವೆ? ಹಾಗೆಯೇ ೪೦ ಡಿಗ್ರಿಯ ಅಲಗನ್ನು ೪೫ ಡಿಗ್ರಿ ಓರೆಯಾಗಿ ಹಿಡಿದರೆ, ಮರದ ಪಾಲಿಗೆ ಅದು ಸುಮಾರು ೩೧ ಡಿಗ್ರಿಯ ಅಲಗಿನಂತೆ ವರ್ತಿಸುತ್ತದೆ.

ಉಪ್ಪುಕಾಗದಕ್ಕೆ ಕೆಲಸವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೊನೆಯ ಹೊಳಪಿಗೆ ಅದು ಬೇಕು. ಆದರೆ ಕಿತ್ತುಹೋದ ನಾರಿನ ಗುಳಿಯನ್ನು ಅದು ತುಂಬಲಾರದು. ಸುತ್ತಲಿನ ಮರವನ್ನೆಲ್ಲ ಗುಳಿಯ ಮಟ್ಟಕ್ಕೆ ತೇಯಬೇಕಾಗುತ್ತದೆ. ಹರಿತವಾದ ಉಳಿಯಿಂದ ಸುರುಳಿ ಬಂದರೆ, ಉಪ್ಪುಕಾಗದದಿಂದ ನವುರಾದ ಧೂಳು ಏಳುತ್ತದೆ. ಮರದ ಧೂಳು ಮನುಷ್ಯನಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೯೫ರಲ್ಲಿಯೇ ಪ್ರಕಟಿಸಿದೆ. ಮೊಂಡು ಉಳಿಯ ದಂಡವನ್ನು ತೆರುವುದು ಕೆಲಸಗಾರನ ಉಸಿರು.

ನಾವು ತರಗತಿಯಲ್ಲಿ ಇಳಿಜಾರು ಹಲಗೆಯ ಲೆಕ್ಕವನ್ನು ಬಿಡಿಸುತ್ತೇವೆ. ಉಳಿಯ ಹೆಸರನ್ನು ಎತ್ತುವುದಿಲ್ಲ. ಕಡೆಯುವವನಿಗೆ ಉಳಿಯ ಗುಟ್ಟು ಕೈಯಲ್ಲಿ ಗೊತ್ತು. ಅದರ ಕಾರಣವನ್ನು ಯಾರೂ ಹೇಳಿಕೊಟ್ಟಿಲ್ಲ. ವರ್ಷಕ್ಕೊಂದು ದಿನವಾದರೂ ವಿದ್ಯಾರ್ಥಿಗಳನ್ನು ಲೇತಿನ ಮುಂದೆ ನಿಲ್ಲಿಸಿದರೆ ಇಬ್ಬರೂ ಕಲಿತಾರು. ಮರವನ್ನು ದೂರುವ ಮುನ್ನ ಉಳಿಯ ಅಲಗನ್ನು ನೋಡುವ ಅಭ್ಯಾಸವೂ ಬಂದೀತು.