ಹೆಸರು ಮಾರಿ ಹೆಸರು ಮಾಡೋ ಹುಡುಗರಿಗೆ: ಯಾವ ಕ್ಯಾಮೆರಾ?

ಮಿತ್ರರೇ, ಈ ವಾರ ನಾಯಕರ ಜಗಳವಿಲ್ಲ, ನಾಯಕಿಯರ ಗುಸುಗುಸು ಇಲ್ಲ. ಬೈಯುವವರು ಬೈದುಕೊಳ್ಳಿ, ಆದರೆ ಪುಟ ತಿರುವಬೇಡಿ! ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ... ಎಲ್ಲೇ ಬಸ್ಸಿನಿಂದ ಇಳಿದರೂ ನಮ್ಮ ಹುಡುಗರು ಕೇಳೋ ಪ್ರಶ್ನೆ ಈಗ ಒಂದೇ. "ಅಣ್ಣಾ, ಕುಸ್ತಿ, ಕಬಡ್ಡಿ, ಗಾಡಾ ಓಟ ಹಿಡಿಯಾಕ ಒಂದು ಸೋವಿ ಕ್ಯಾಮೆರಾ ಹೇಳ್ರಿ. ಈಗ ಕಲಿಯಾಕ ಹತ್ತೇವಿ."

ನವಲಗುಂದ ಕಡೆಯ ಒಬ್ಬನಂತೂ ರೊಕ್ಕ ಕಿಸೆಯಲ್ಲಿಟ್ಟುಕೊಂಡೇ ಕೇಳಿದ. ಮುಂಗಾರಿನ ಹೆಸರು ಮಾರಿದ ದುಡ್ಡಿನಲ್ಲಿ ಅವರಪ್ಪ ಇಪ್ಪತ್ತು ಸಾವಿರ ಕೊಟ್ಟಿದ್ದಾರೆ. ಹೆಸರು ಮಾರಿ ಹೆಸರು ಮಾಡೋ ಆಸೆ! ನಗಬೇಡಿ. ಎರಿ ಹೊಲದ ಒಂದು ಬೆಳೆಯ ದುಡ್ಡು ಅದು. ಬೇಡದ ಡಬ್ಬಿಗೆ ಅದನ್ನು ಸುರಿದರೆ ಮುಂದಿನ ಸಲ ಆ ಮನೆಯಲ್ಲಿ ಸಿನಿಮಾ ಎನ್ನುವ ಶಬ್ದ ಎತ್ತುವ ಹಾಗಿಲ್ಲ. ಹಾಗಾಗಿ ಉಡಾಫೆ ಬಿಟ್ಟು ಉತ್ತರ ಕೊಡುತ್ತೇನೆ.

ಉತ್ತರ ಒಂದೇ ಸಾಲಿನದು: ಎಲ್ಲಿ ನಿಂತು ಹಿಡೀತಿ ಅನ್ನೋದನ್ನು ಮೊದಲು ಹೇಳು ತಮ್ಮಾ, ಯಾವ ಕ್ಯಾಮೆರಾ ಅನ್ನೋದು ಆಮೇಲೆ.

ನಿಲ್ಲುವ ಜಾಗದ ಲೆಕ್ಕ

ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ಗೋಪ್ರೋ. ಅದು ಹುಟ್ಟಿದ್ದು ಹೇಗೆ ಗೊತ್ತೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಲಗೆಯ ಮೇಲೆ ನಿಂತು ಕಡಲಿನ ಅಲೆ ಏರುವ ಆಟದ ಹುಚ್ಚನೊಬ್ಬ, ನಿಕ್ ವುಡ್‌ಮನ್ ಅಂತ. ಅಲೆಯ ಮೇಲಿದ್ದಾಗ ತನ್ನ ಚಿತ್ರ ತಾನೇ ತೆಗೆಯಬೇಕೆಂದು 2002ರಲ್ಲಿ ಕಂಪನಿ ಕಟ್ಟಿದ. 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದು, ಅದೂ 35 ಎಂ.ಎಂ. ರೀಲು ಹಾಕುವಂಥದ್ದು. ಅಂದರೆ ಈ ಜಾತಿಯ ಕ್ಯಾಮೆರಾ ಇರೋದು ಆಟ ನೋಡುವವನಿಗಲ್ಲ, ಆಡುವವನಿಗೆ! ಆಮೇಲೆ ಬಂದ ಡಿಜೆಐ, ಇನ್‌ಸ್ಟಾ360 ಕಂಪನಿಗಳ ಆಕ್ಷನ್ ಕ್ಯಾಮೆರಾಗಳದೂ ಇದೇ ಗುಣ. ಲೆನ್ಸು ಅಗಲ, ದೂರದ್ದನ್ನು ಹತ್ತಿರ ಎಳೆಯುವ ನಿಜವಾದ ಜೂಮ್ ಇಲ್ಲ.

ಕಲಘಟಗಿ ಕಡೆ ಕಾಡುದಾರಿಯಲ್ಲಿ ಸೈಕಲ್ ಓಡಿಸುತ್ತೀಯಾ? ಹ್ಯಾಂಡಲ್ಲಿಗೆ ಕಟ್ಟು, ಚಿತ್ರ ಅಮೋಘ. 2018ರ ಹೀರೋ7 ಬ್ಲ್ಯಾಕ್ ಮಾಡೆಲ್ಲಿನಿಂದೀಚೆಗೆ ಗೋಪ್ರೋದ ದೊಡ್ಡ ಮಾಡೆಲ್ಲುಗಳಲ್ಲಿ ಕುಲುಕಾಟ ಬಹಳ ಮಟ್ಟಿಗೆ ಅಡಗಿದೆ. ಈಜು ಬಲ್ಲವನು ನೀರಿಗೆ ಜಿಗಿಯುವ ದೃಶ್ಯಕ್ಕೂ ಸರಿ. 2016ರ ಹೀರೋ5 ಬ್ಲ್ಯಾಕಿನಿಂದೀಚೆಗೆ ಈ ಸಾಲಿನವು ಮೇಲುಡಬ್ಬಿ ಇಲ್ಲದೆಯೂ 10 ಮೀಟರ್ ಆಳ ತಡೆಯುತ್ತವೆ.

ಆದರೆ ಪೈಲ್ವಾನನ ಲಂಗೋಟಿಗೆ ಕ್ಯಾಮೆರಾ ಕಟ್ಟುತ್ತೀಯೇನು? ಕುಸ್ತಿ ಅಲ್ಲಿ, ನೀನು ಇಲ್ಲಿ, ನಡುವೆ ಜನ. ಹದಿನೈದು ಮೀಟರ್ ದೂರದಿಂದ ಅಗಲ ಲೆನ್ಸಿನಲ್ಲಿ ಹಿಡಿದರೆ ಆಳಿನ ಎತ್ತರ ತೆರೆಯ ಎತ್ತರದ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಒಂದು ಜಾತ್ರೆಯ ಕಣದಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊಸ ಆಕ್ಷನ್ ಕ್ಯಾಮೆರಾ ತಂದಿದ್ದ ಹುಡುಗ ಎರಡು ತಾಸು ಕೈ ಎತ್ತಿಕೊಂಡೇ ನಿಂತಿದ್ದ. ರಾತ್ರಿ ನೋಡಿದರೆ ಆಕಾಶ ಇದೆ, ರುಮಾಲುಗಳು ಇವೆ, ಹಲಗೆ ಬಾರಿಸುವವರೂ ಇದ್ದಾರೆ... ಪೈಲ್ವಾನರು ಮಾತ್ರ ಎರಡು ಇರುವೆ! ಯಾರು ಯಾರನ್ನು ಚಿತ್ ಮಾಡಿದರು ಅಂತ ಅವನೇ ಪಕ್ಕದವನನ್ನು ಕೇಳಿದ. ಕ್ಯಾಮೆರಾ ಕೆಟ್ಟದ್ದಲ್ಲ, ಅದರ ಜಾಗ ಅದಲ್ಲ, ಅಷ್ಟೆ.

ಇದು ದೊಡ್ಡವರಿಗೆ ಎಂದೋ ಗೊತ್ತಿದ್ದ ಗುಟ್ಟು. ಜಪಾನಿನ ಅಕಿರಾ ಕುರೊಸಾವಾ 1954ರ 'ಸೆವೆನ್ ಸಮುರಾಯ್' ಚಿತ್ರದ ಮಳೆಯ ಕಾಳಗವನ್ನು ಹಲವು ಕ್ಯಾಮೆರಾ ಇಟ್ಟು ಒಟ್ಟಿಗೇ ಚಿತ್ರಿಸಿದರು. ಕ್ಯಾಮೆರಾ ದೂರ, ಲೆನ್ಸು ಮಾತ್ರ ಉದ್ದದ್ದು. ಕುದುರೆ, ಕೆಸರು, ಕತ್ತಿ ಎಲ್ಲಾ ಮೈಮೇಲೆ ಬಿದ್ದ ಹಾಗೆ ಕಾಣುತ್ತದೆ. ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1978ರಲ್ಲಿ ಶಂಕರ್‌ನಾಗ್ ಅವರನ್ನು ತೆರೆಗೆ ತಂದ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಸ್ಫೂರ್ತಿ ಇದೇ ಕುರೊಸಾವಾ. ಹೊಡೆದಾಟದ ಒಳಗೆ ನುಗ್ಗಿದರೇ ಆಕ್ಷನ್ ಅನ್ನುವವರು ಇವೆರಡನ್ನೂ ಒಮ್ಮೆ ನೋಡಲಿ.

ಹಾಗಾಗಿ ಕಣದ ಹೊರಗೆ ನಿಲ್ಲುವವನಿಗೆ ಬೇಕಾದ್ದು ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಅನ್ನೋದು ಫೋಟೋ ಕತ್ತರಿಸಿ ದೊಡ್ಡದು ಮಾಡಿದ ಹಾಗೆ, ಮುಖ ಕದಡಿ ಹೋಗುತ್ತದೆ.

ವೇಗದ ಲೆಕ್ಕ

2020ರ ಫೆಬ್ರವರಿ ನೆನಪಿದೆಯೇ? ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರೆಂದು ದೇಶವೇ ಉಸೇನ್ ಬೋಲ್ಟ್ ಹೆಸರು ಎತ್ತಿತು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ಈಗ ಕ್ಯಾಮೆರಾದ ಶಟರ್ ಒಂದು ಚಿತ್ರಕ್ಕೆ ಸೆಕೆಂಡಿನ 50ನೇ ಒಂದು ಪಾಲು ತೆರೆದಿತ್ತು ಅನ್ನಿ. ಅಷ್ಟರೊಳಗೆ ಕೋಣ ಓಡಿದ್ದು ಇಪ್ಪತ್ತು ಸೆಂಟಿಮೀಟರ್! ಕಾಲು ಕಾಲಾಗಿ ಕಾಣದು, ಹೊಗೆಯಾಗಿ ಕಾಣುತ್ತದೆ. ಶಟರನ್ನು 500ನೇ ಒಂದು ಪಾಲಿಗೆ ಇಳಿಸಿದರೆ ಎರಡೇ ಸೆಂಟಿಮೀಟರ್, ಚಿತ್ರ ಗಟ್ಟಿ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು "ಎಷ್ಟು ಮೆಗಾಪಿಕ್ಸೆಲ್?" ಅಂತಲ್ಲ. "ವಿಡಿಯೋದಾಗ ಶಟರ್ ನಾವೇ ಇಡಬಹುದೇನ್ರಿ?" ಅಂತ. ಆಗೋದಿಲ್ಲ ಅಂದರೆ ಮುಂದಿನ ಡಬ್ಬಿ ನೋಡು.

ಎರಡನೆಯದು, ಸೆಕೆಂಡಿಗೆ ಎಷ್ಟು ಫ್ರೇಮ್. ಸಿನಿಮಾ ಓಡುವುದು 24ರಲ್ಲಿ. 120 ಫ್ರೇಮಿನಲ್ಲಿ ಹಿಡಿದು 24ರಲ್ಲಿ ಬಿಟ್ಟರೆ ಐದು ಪಟ್ಟು ನಿಧಾನ. ನಾಯಕ ಗಾಳಿಯಲ್ಲಿ ತೇಲುವ ಮಾಯೆ ಇದೇ! ಪೈಲ್ವಾನ ಎತ್ತಿ ಒಗೆಯುವ ಆ ಅರ್ಧ ಸೆಕೆಂಡಿಗೆ ಇದು ಬಂಗಾರ. ಇಡೀ ಕುಸ್ತಿಯನ್ನೇ ಹಾಗೆ ಹಿಡಿದರೆ ನೋಡುವವನಿಗೆ ನಿದ್ದೆ.

ಮೂರನೆಯದು ಬೆಳಕು. ರಾತ್ರಿ ಕಬಡ್ಡಿಯಲ್ಲಿ ಶಟರ್ 500ಕ್ಕೆ ಇಟ್ಟರೆ ಕತ್ತಲೆಯೂ ಬಂತು, ಮಿಣುಕಾಟವೂ ಬಂತು. ನಮ್ಮ ಕರೆಂಟು 50 ಹರ್ಟ್ಜಿನದು. ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ರಾತ್ರಿ ಶಟರ್ 50 ಅಥವಾ 100ರ ಪಾಲಿಗೆ, ಫ್ರೇಮು 25 ಅಥವಾ 50ಕ್ಕೆ ಇಡು. ಸಣ್ಣ ಸೆನ್ಸರಿನ ಅಗ್ಗದ ಕ್ಯಾಮೆರಾಗಳು ಕತ್ತಲಲ್ಲಿ ಮುಗ್ಗರಿಸುತ್ತವೆ ಎಂಬುದೂ ನೆನಪಿರಲಿ.

ರೊಕ್ಕದ ಲೆಕ್ಕ

ಈಗ ಕಿಸೆಗೆ ಬರೋಣ. ಮೊದಲನೆಯ ಕ್ಯಾಮೆರಾ ನಿನ್ನ ಕೈಯಲ್ಲೇ ಇದೆ... ಫೋನು. ಎಷ್ಟೋ ಫೋನುಗಳಲ್ಲಿ 'ಪ್ರೋ' ಅನ್ನೋ ಕಡೆ ಶಟರ್ ಇಡಬಹುದು. ಮೂರು ಕಾಲಿನ ಸ್ಟ್ಯಾಂಡ್ ಒಂದನ್ನು ಕೊಂಡು ನಾಲ್ಕು ಜಾತ್ರೆ ಹಿಡಿ. ಯಾವ ಜಾಗ, ಯಾವ ದೂರ, ಬಿಸಿಲು ಯಾವ ಕಡೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಅಷ್ಟು ಮಾಡಲು ಬೇಸರ ಬಂದರೆ ಕ್ಯಾಮೆರಾ ಕೊಂಡರೂ ಅದು ಟ್ರಂಕಿನಲ್ಲೇ ಇರುತ್ತದೆ.

ಬೇಸರ ಬರಲಿಲ್ಲವೇ? ಆಗ ಹಳೆಯ ಹ್ಯಾಂಡಿಕ್ಯಾಮ್ ಹುಡುಕು. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದವರು ದೊಡ್ಡ ಕ್ಯಾಮೆರಾಕ್ಕೆ ಹೋದ ಮೇಲೆ ಇವು ಮೂಲೆ ಸೇರಿವೆ. ಸೋನಿಯ ಸಿಎಕ್ಸ್405ನಂಥ ಸಣ್ಣ ಮಾಡೆಲ್ಲಿನಲ್ಲೂ 30 ಪಟ್ಟು ಆಪ್ಟಿಕಲ್ ಜೂಮ್ ಇದೆ. ಆದರೆ ಇಂಥ ಸಣ್ಣ ಮಾಡೆಲ್ಲುಗಳಲ್ಲಿ ಶಟರನ್ನು ಬೇಕಾದ ಅಂಕಿಗೆ ಇಡಲಾಗದು, ಆಟದ ಮೋಡ್ ಇದ್ದರೆ ಅದೇ ಗತಿ. ದೂರದ ಕುಸ್ತಿಗೆ ಜೂಮ್ ದೊಡ್ಡದು, ಗಾಡಾ ಓಟಕ್ಕೆ ಶಟರ್ ದೊಡ್ಡದು. ಯಾವುದು ನಿನ್ನ ಆಟ ಎಂದು ತೂಗಿ ನೋಡಿ ಕೊಳ್ಳು.

ಹಳೆಯದು ಕೊಳ್ಳುವಾಗ ಹೋರಿಯ ಹಲ್ಲು ನೋಡಿದ ಹಾಗೆ ನೋಡಬೇಕು. ಜೂಮನ್ನು ಕೊನೆಯವರೆಗೂ ಒಯ್ದು ತಾ, ಕರಕರ ಅನ್ನಬಾರದು. ಬಿಳಿ ಗೋಡೆ ಹಿಡಿ, ಕಲೆ ಕಂಡರೆ ಲೆನ್ಸಿನೊಳಗೆ ಬೂಸು ಹತ್ತಿರಬಹುದು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಅರ್ಧ ತಾಸು ಓಡಿಸು. ಮಾರುವವನು "ಅಷ್ಟೊತ್ತು ಯಾಕ್ರಿ?" ಅಂದರೆ ಚಹಾ ಕುಡಿದು ಎದ್ದು ಬಾ!

ಹೊಸದಾಗಿ ಬರುವ ತೀರಾ ಅಗ್ಗದ ಆಕ್ಷನ್ ಕ್ಯಾಮೆರಾಗಳ ಡಬ್ಬಿಯ ಮೇಲೆ '4ಕೆ' ಅಂತ ದಪ್ಪಕ್ಷರ ಇರುತ್ತದೆ. ಕೆಲವದರಲ್ಲಿ ಅದು ಸಣ್ಣ ಚಿತ್ರವನ್ನು ಹಿಗ್ಗಿಸಿದ 4ಕೆ, ಹಿಟ್ಟಿಗೆ ನೀರು ಹಾಕಿ ರೊಟ್ಟಿ ದೊಡ್ಡದು ಮಾಡಿದ ಹಾಗೆ. ದೂರದ ಬೋರ್ಡಿನ ಸಣ್ಣ ಅಕ್ಷರ ಹಿಡಿದು ನೋಡು, ಬಣ್ಣ ಬಯಲು.

ಇನ್ನೊಂದು ಗುಟ್ಟು. ಇಪ್ಪತ್ತು ಸಾವಿರ ಇದ್ದರೆ ಹನ್ನೆರಡು ಸಾವಿರವನ್ನಷ್ಟೇ ಕ್ಯಾಮೆರಾಕ್ಕೆ ಇಡು. ಉಳಿದದ್ದು ಸ್ಟ್ಯಾಂಡು, ಕಾರ್ಡು, ಇನ್ನೊಂದು ಬ್ಯಾಟರಿ, ಮೈಕು. ನಿಜವಾದ 4ಕೆ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಓಡಿದರೆ ತಾಸಿಗೆ 45 ಜಿ.ಬಿ. ನುಂಗುತ್ತದೆ. 64 ಜಿ.ಬಿ. ಕಾರ್ಡು ಒಂದೂವರೆ ತಾಸೂ ಬಾಳದು. 'ವಿ30' ಎಂದು ಬರೆದ ಕಾರ್ಡು ತಗೋ, ಸೆಕೆಂಡಿಗೆ 30 ಮೆಗಾಬೈಟ್ ತಪ್ಪದೆ ಬರೆದುಕೊಳ್ಳುತ್ತದೆ. 'ಕಾಂತಾರ'ದ (2022) ಕಂಬಳಕ್ಕೆ ರೀಟೇಕ್ ಇತ್ತು, ಊರ ಫೈನಲ್ ಕುಸ್ತಿಗೆ ಇಲ್ಲ. ಅದೇ ಹೊತ್ತಿಗೆ ಕಾರ್ಡು ತುಂಬಿದರೆ ಯಾರನ್ನು ಬೈಯುತ್ತೀ? ಮತ್ತೆ, ಕಂತಿನ ಸಾಲ ಮಾತ್ರ ಬೇಡ. ಮಳೆ ಕೈಕೊಟ್ಟ ವರ್ಷ ಕಂತು ಕೈಬಿಡುವುದಿಲ್ಲ.

ಜೀವದ ಲೆಕ್ಕ

ಇದನ್ನು ಎರಡು ಸಲ ಓದಿ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಅನಿಲ್ ಮತ್ತು ಉದಯ್ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಕ್ಯಾಮೆರಾಗಳು ಓಡುತ್ತಲೇ ಇದ್ದವು, ಇಬ್ಬರೂ ಮೇಲೆ ಬರಲಿಲ್ಲ. ಅಷ್ಟು ದೊಡ್ಡ ತಂಡ ಇದ್ದಲ್ಲೇ ಹೀಗಾದರೆ ಒಂಟಿಯಾಗಿ ಕ್ಯಾಮೆರಾ ಹಿಡಿದು ಹೊರಟ ನಮ್ಮ ಗತಿ?

ಗಾಡಾ ಓಟದಲ್ಲಿ ಎದುರಿಗೆ ಕೂತು ಹಿಡಿದರೆ ಶಾಟ್ ಭರ್ಜರಿ ಬರುತ್ತದೆ, ನಿಜ. ಆದರೆ ಎತ್ತಿಗೆ ಕ್ಯಾಮೆರಾ ಗೊತ್ತಿಲ್ಲ, ನಿನ್ನ ಚಾನೆಲ್ಲೂ ಗೊತ್ತಿಲ್ಲ. ಅಗಲ ಲೆನ್ಸಿನಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ತೆರೆಯಲ್ಲಿ "ಇನ್ನೂ ಐತಿ ಬಿಡು" ಅನ್ನಿಸಿದಾಗ ಎತ್ತು ಎದೆಯ ಮೇಲೇ ಇರುತ್ತದೆ. ಅದಕ್ಕೇ ಜೂಮ್ ಬೇಕು ಅಂದದ್ದು. ಅದು ಚಿತ್ರವನ್ನು ಹತ್ತಿರ ತರುತ್ತದೆ, ನಿನ್ನನ್ನು ದೂರ ಇಡುತ್ತದೆ. ಹಗ್ಗದ ಆಚೆ ನಿಲ್ಲು. ಕಣ್ಣು ಕ್ಯಾಮೆರಾದೊಳಗೆ ಇರುವಾಗ ಹೆಗಲ ಮೇಲೆ ಕೈ ಇಟ್ಟು ನಿಲ್ಲುವ ಒಬ್ಬ ಗೆಳೆಯ ಇರಲಿ. ಅವನು ಎಳೆದ ಅಂದರೆ ಶಾಟ್ ಹೋದರೂ ಸರಿ, ಹಿಂದೆ ಸರಿ.

ಕಾರಹುಣ್ಣಿಮೆಗೆ ಊರ ಅಗಸಿಯಲ್ಲಿ ಕರಿ ಹರಿಯುವಾಗ ಫೋನು, ಸ್ಟ್ಯಾಂಡು ಹಿಡಿದು ಹೋಗಿ. ಎತ್ತು ಬರುವ ದಾರಿಯಲ್ಲಿ ಅಲ್ಲ, ಮಾಳಿಗೆಯ ಮೇಲೆ ನಿಂತು ಒಂದೇ ಒಂದು ನಿಮಿಷ ಹಿಡಿಯಿರಿ. ಎತ್ತಿನ ಕಾಲು ಕಾಲಾಗಿ ಕಂಡರೆ ಆಗ ಅಪ್ಪನ ಮುಂದೆ ರೊಕ್ಕದ ಮಾತು ತೆಗೆಯಿರಿ. ತೋರಿಸೋಕೆ ಕೈಯಲ್ಲಿ ಏನಾದರೂ ಇರುತ್ತದೆ.

ಮುಂದಿನ ವಾರ ನಾಯಕರ ಜಗಳ ಇದ್ದೇ ಇದೆ. ಬರಲಾ?