ನಾಗಸ್ವರವನ್ನು ಮೂಲೆಗೆ ತಳ್ಳಿದವರು ಯಾರು?



"ಈ ಸ್ಯಾಕ್ಸೋಫೋನ್ ಬಂದ ಮೇಲೆ ನಮ್ಮ ನಾಗಸ್ವರ ಹಾಳಾಯಿತು" ಎಂಬ ಮಾತು ಪುತ್ತೂರು, ಸುಳ್ಯ, ಕಡಬ ಸೀಮೆಯ ಮದುವೆ ಚಪ್ಪರಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆನ್ನುವವರು ಇನ್ನೊಂದನ್ನೂ ಸೇರಿಸುವುದುಂಟು: "ಕದ್ರಿ ಗೋಪಾಲನಾಥರು ದೊಡ್ಡ ವಿದ್ವಾಂಸರೇ. ಆದರೆ ಕೊನೆಕೊನೆಗೆ ಫ್ಯೂಷನ್ ಎಂದು ಹೊರಟು ಶುದ್ಧ ಸಂಗೀತವನ್ನು ಕೈಬಿಟ್ಟರು." ಈ ಎರಡು ಆಪಾದನೆಗಳೂ ನಿರಾಧಾರವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರಲ್ಲೂ ಮೊದಲನೆಯದು, ಊರಿನ ಹೊಣೆಗೇಡಿತನವನ್ನು ಒಂದು ಹಿತ್ತಾಳೆಯ ವಾದ್ಯದ ತಲೆಗೆ ಕಟ್ಟುವ ಜಾಣತನ.

ಗೋಪಾಲನಾಥರು 1949ರಲ್ಲಿ ನಮ್ಮ ನೆರೆಯ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠವೂ ನಾಗಸ್ವರದಲ್ಲೇ ಆಯಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದ ಕೇಳಿ ಮನಸೋತ ಮೇಲೆ ಅವರು ಆ ವಾದ್ಯವನ್ನು ಕೈಗೆತ್ತಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲೂ ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲೂ ಅಭ್ಯಾಸ ಮಾಡಿದರು.

ಈ ಸಾಧನೆಯ ಕಷ್ಟವೇನೆಂದು ತಿಳಿಯಬೇಕಾದರೆ ವಾದ್ಯಗಳ ರಚನೆಯನ್ನು ಸ್ವಲ್ಪ ನೋಡಬೇಕು. ನಾಗಸ್ವರದ ರಂಧ್ರಗಳ ಮೇಲೆ ವಾದಕನ ಬೆರಳೇ ಕೂರುತ್ತದೆ. ಬೆರಳನ್ನು ಅರ್ಧ ಸರಿಸಿ, ತುಟಿ ಬಿಗಿದು, ಉಸಿರನ್ನು ಹೆಚ್ಚು ಕಡಿಮೆ ಮಾಡಿ ಸ್ವರದಿಂದ ಸ್ವರಕ್ಕೆ ಜಾರಬಹುದು. ಗಮಕಕ್ಕೆ ಬೇಕಾದದ್ದು ಅದೇ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯದಲ್ಲಾದರೋ ರಂಧ್ರಕ್ಕೂ ಬೆರಳಿಗೂ ನಡುವೆ ಕೀಲಿಯೂ ಮುಚ್ಚಳವೂ ಇವೆ. ಪ್ರತಿಯೊಂದು ಸ್ವರವೂ ಮೆಟ್ಟಿಲಿನಂತೆ ಬೇರೆ ಬೇರೆಯಾಗಿ ನಿಲ್ಲುತ್ತದೆ. ಅಂಥ ಮೆಟ್ಟಿಲುಗಳ ಮೇಲೆ ನೀರಿನಂತೆ ಹರಿಯುವುದನ್ನು ಗೋಪಾಲನಾಥರು ತುಟಿ, ಗಂಟಲು, ಉಸಿರುಗಳ ಬಲದಿಂದ ವರ್ಷಾನುಗಟ್ಟಲೆ ದುಡಿದು ಸಾಧಿಸಿದರು. ಅವರ ಸ್ಯಾಕ್ಸೋಫೋನ್ ನಮಗೆ ಪರಕೀಯವೆನಿಸದಿದ್ದುದಕ್ಕೆ ಕಾರಣ ಇದೇ: ಲೋಹದ ಕೊಳವೆಯೊಳಗೆ ಅವರು ತಂದೆಯ ನಾಗಸ್ವರವನ್ನೇ ಊದುತ್ತಿದ್ದರು.

ಈಗ ಫ್ಯೂಷನ್ ಎಂಬ ಆಪಾದನೆ. ಜಾಝ್ ಅವರಿಗೆ ಮುಪ್ಪಿನಲ್ಲಿ ಹಿಡಿದ ಹುಚ್ಚಲ್ಲ. 1980ರಷ್ಟು ಹಿಂದೆಯೇ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದ್ದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ಅವರು ನುಡಿಸಿದ್ದು ಕರ್ನಾಟಕ ಸಂಗೀತವನ್ನೇ. 2004ರಲ್ಲಿ ಪದ್ಮಶ್ರೀ ಬಂದಿತು. 2008ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ಬಂದಾಗ ಅವರಿಗೆ ಅರುವತ್ತರ ಸಮೀಪ. ಜೊತೆಗಾರ, ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಾಂತಪ್ಪ. ಈ ತರುಣನಿಗೆ ವಿದ್ಯಾರ್ಥಿದೆಸೆಯಲ್ಲಿ ಅವನ ಅಣ್ಣ ಗೋಪಾಲನಾಥರ ಒಂದು ಮುದ್ರಿಕೆಯನ್ನು ತಮಾಷೆಗೆಂದು ಕೊಟ್ಟಿದ್ದನಂತೆ. ಆ ತಮಾಷೆಯೇ ಗುರುದರ್ಶನವಾಯಿತು.

ಆಪಾದಿಸುವವರು ಆ ಮುದ್ರಿಕೆಯನ್ನು ಒಮ್ಮೆ ಕಿವಿಗೊಟ್ಟು ಕೇಳಲಿ. ಇಬ್ಬರ ಕೈಯಲ್ಲಿರುವುದೂ ಆಲ್ಟೊ ಸ್ಯಾಕ್ಸೋಫೋನೇ. ಡ್ರಮ್ಸ್, ಗಿಟಾರುಗಳ ಜೊತೆಗೆ ಕನ್ಯಾಕುಮಾರಿಯವರ ಪಿಟೀಲೂ ಮೃದಂಗವೂ ಇವೆ. ಆದರೂ ಗೋಪಾಲನಾಥರ ಸ್ವರ ಎದ್ದ ಕ್ಷಣವೇ ಗುರುತು ಸಿಗುತ್ತದೆ. ಸ್ವರವು ಪಕ್ಕದ ಸ್ವರವನ್ನು ಸವರಿಕೊಂಡು ತನ್ನ ಸ್ಥಾನಕ್ಕೆ ಬಂದು ಕೂರುವ ಆ ಬಗೆ ಬೇರೆ ಯಾರದೂ ಅಲ್ಲ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕೂಡ 1986ರ 'ಟೂಟೂ' ಮುದ್ರಿಕೆಯಲ್ಲಿ ಸಿಂಥಸೈಸರುಗಳ ನಡುವೆ ನಿಂತಾಗ ಸಂಪ್ರದಾಯನಿಷ್ಠರು ಹುಬ್ಬುಗಂಟಿಕ್ಕಿದ್ದರು. ಸುತ್ತಲಿನದು ಎಷ್ಟು ಬದಲಾದರೂ ಟ್ರಂಪೆಟಿನ ದನಿ ಅವನದೇ ಆಗಿತ್ತು. ಅನ್ಯರ ಮನೆಗೆ ಹೋದಾಗಲೂ ತನ್ನ ಮಾತನ್ನು ಮರೆಯದವನು ಮನೆಬಿಟ್ಟವನು ಹೇಗಾದಾನು?

ಹಾಗಾದರೆ ನಾಗಸ್ವರ ಮೂಲೆ ಸೇರಿದ್ದು ಏಕೆ? ಪಿಟೀಲೂ ಪಶ್ಚಿಮದಿಂದಲೇ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅದರಿಂದ ವೀಣೆ ಸತ್ತಿತೆಂದು ಯಾರೂ ಗೋಳಾಡಲಿಲ್ಲ. ಬಂದ ವಾದ್ಯ ಇದ್ದ ವಾದ್ಯವನ್ನು ಕೊಲ್ಲುವುದಿಲ್ಲ. ಕೇಳುವ ಕಿವಿ ಇಲ್ಲವಾದಾಗ ವಾದ್ಯ ತಾನಾಗಿ ಸೊರಗುತ್ತದೆ.

ನಮ್ಮ ಊರುಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯೊಂದನ್ನು ಬಿಡಿಸಿ ನೋಡಿ. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಹತ್ತಾರು ಉಪಸಮಿತಿಗಳ ಸಂಚಾಲಕರು, ಕಾರ್ಯಕ್ರಮ ನಿರೂಪಕರು, ಎಲ್ಲರ ಹೆಸರೂ ಇರುತ್ತದೆ. ದೇವರ ಬಲಿ ಹೊರಟಾಗ ಸುತ್ತು ಸುತ್ತಿಗೂ ಮುಂದೆ ನಿಂತು ಊದುವವನ ಹೆಸರು ಹುಡುಕಿದರೂ ಸಿಗದು. "ವಾದ್ಯಘೋಷಗಳೊಂದಿಗೆ" ಎಂಬ ಒಂದೇ ಪದದಲ್ಲಿ ಅವನು ಅಡಗಿರುತ್ತಾನೆ. ನಿತ್ಯಪೂಜೆಗೆ ಎಷ್ಟೋ ಕಡೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ ಬಾರಿಸುವ ಯಂತ್ರ ಬಂದಿದೆ. ಮದುವೆ ಹಾಲಿನಲ್ಲಿ ವಾಲಗದವರಿಗೆ ಮೂಲೆಯ ಎರಡು ಕುರ್ಚಿ. ಅವರು ರಾಗವೊಂದನ್ನು ಎತ್ತಿಕೊಂಡು ಎರಡು ನಿಮಿಷವಾಗುವುದರೊಳಗೆ ಯಾರಾದರೊಬ್ಬರು ಬಂದು ಸಿನಿಮಾ ಹಾಡು ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ ಅವರಿಗೆ ಕೊನೆಯ ಸರದಿ. ಇಷ್ಟಾದ ಮೇಲೆ ತನ್ನ ಮಗನಿಗೆ ನಾಗಸ್ವರ ಕಲಿಸುವ ತಂದೆ ಎಲ್ಲಿ ಸಿಗಬೇಕು? ಇಂದು ಹೀಗೆ ಕೂತಿರುವವನು ಸ್ಯಾಕ್ಸೋಫೋನಿನವನು. ನಾಳೆ ಅವನ ಜಾಗಕ್ಕೆ ಪೆನ್ ಡ್ರೈವ್ ಬಂದರೆ ಆಗ ಯಾವ ವಾದ್ಯದ ಮೇಲೆ ತಪ್ಪು ಹೊರಿಸುತ್ತೀರಿ?

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ತೀರಿಕೊಂಡಾಗ ಊರೂರಿನಲ್ಲಿ ಶ್ರದ್ಧಾಂಜಲಿಯ ಮಾತುಗಳು ಕೇಳಿಬಂದವು. ಮಾತು ಸುಲಭ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ದೇವಸ್ಥಾನಗಳ ಸಮಿತಿಗಳಲ್ಲಿದ್ದೀರಿ. ಮಕ್ಕಳ ಮದುವೆ ಮಾಡುವ ವಯಸ್ಸಿನವರೂ ಇದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಮೂರೇ. ಆಮಂತ್ರಣ ಪತ್ರಿಕೆಯಲ್ಲಿ ವಾದಕರ ಹೆಸರು ಅಚ್ಚು ಹಾಕಿಸಿ. ಜಾತ್ರೆಯ ಒಂದು ಸಂಜೆ ಅವರನ್ನು ವೇದಿಕೆಯ ಮೇಲೆ ಕೂರಿಸಿ, ಒಂದು ರಾಗವನ್ನು ಪೂರ್ತಿಯಾಗಿ ನುಡಿಸಲು ಬಿಡಿ. ದೀಪಾಲಂಕಾರದ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿ, ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ನಾಗಸ್ವರ ಕಲಿಯಲು ವಿದ್ಯಾರ್ಥಿವೇತನ ಕೊಡಿ. ಇಷ್ಟನ್ನು ಮಾಡಿ ನೋಡಿದ ಮೇಲೂ ನಾಗಸ್ವರ ಉಳಿಯದಿದ್ದರೆ, ಆಗ ಬೇಕಾದರೆ ಸ್ಯಾಕ್ಸೋಫೋನನ್ನು ಬೈಯೋಣ.